ಮೊದಲು ಮೊಳಕೆ, ಆಮೇಲೆ ಯೀಸ್ಟ್

ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹತ್ತಿದವರು ಮೊದಲು ಕೇಳುವ ಪ್ರಶ್ನೆ, ಯೀಸ್ಟ್ ಎಲ್ಲಿ ಸಿಗುತ್ತದೆ ಅಂತ. ದಾರಿ ತಪ್ಪುವುದು ಅಲ್ಲೇ. ಕಾಳು ಬೇಯಿಸಿ, ಯೀಸ್ಟ್ ಉದುರಿಸಿ, ಸುಮ್ನೆ ಮುಚ್ಚಿಟ್ಟರೆ ಬಿಯರ್ ಆಗುವುದಿಲ್ಲ. ಗಂಜಿ ಹಳಸುತ್ತದೆ, ಅಷ್ಟೇ. ಬಿಯರ್ ಯೀಸ್ಟಿಗೆ ಪಿಷ್ಟ ತಿನ್ನಲು ಬರುವುದಿಲ್ಲ. ಅದಕ್ಕೆ ಬೇಕಾದ್ದು ಸಕ್ಕರೆ, ಅದನ್ನು ತಿಂದೇ ಅದು ಮದ್ಯ ಮಾಡುವುದು.

ಮಂಡ್ಯದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಸುರಿಯದೆ ಹಾಗೇ ಬಿಟ್ಟರೆ ನೊರೆ ಎದ್ದು ಹುಳಿ ವಾಸನೆ ಬರುತ್ತದೆ. ಅಲ್ಲಿ ಸಕ್ಕರೆ ತಯಾರಾಗೇ ಇದೆ, ಕಬ್ಬಿನ ಮೇಲಿನ ಯೀಸ್ಟಿಗೆ ಬೇರೆ ಆಹ್ವಾನ ಬೇಕಿಲ್ಲ. ರಾಗಿ, ಬಾರ್ಲಿಯಲ್ಲಿ ಇರುವುದು ಪಿಷ್ಟ. ಸಾವಿರಾರು ಗ್ಲೂಕೋಸ್ ಕಣಗಳು ಒಂದಕ್ಕೊಂದು ಕೂಡಿಕೊಂಡ ಉದ್ದನೆಯ ಸರ ಅದು.

ಆ ಸರ ಕತ್ತರಿಸುವ ಕೆಲಸ ಮೊಳಕೆಯದು. ನೆನೆಸಿದ ಕಾಳು ಬೇರು ಬಿಡುವಾಗ, ಎಳೆ ಸಸಿಗೆ ಊಟ ಕೊಡಲು ಅಮೈಲೇಸ್ ಎಂಬ ಕಿಣ್ವಗಳನ್ನು ಅಣಿ ಮಾಡಿಕೊಳ್ಳುತ್ತದೆ. ಮುಖ್ಯವಾಗಿ ಎರಡು ಬಗೆ. ಆಲ್ಫಾ ಅಮೈಲೇಸ್, ಮಚ್ಚು ಹಿಡಿದವನು ಕಬ್ಬಿನ ಜಲ್ಲೆಯನ್ನು ಮನಸ್ಸಿಗೆ ಬಂದ ಕಡೆ ಕಡಿದ ಹಾಗೆ, ಸರವನ್ನು ಎಲ್ಲೆಂದರಲ್ಲಿ ತುಂಡು ಮಾಡುತ್ತದೆ. ಬೀಟಾ ಅಮೈಲೇಸ್ ತುದಿಯಿಂದಲೇ ಶುರು ಮಾಡಿ ಎರಡೆರಡು ಗೆಣ್ಣು ಮುರಿಯುತ್ತಾ ಬರುತ್ತದೆ. ಆ ಎರಡು ಗೆಣ್ಣಿನ ತುಂಡೇ ಮಾಲ್ಟೋಸ್, ಯೀಸ್ಟಿನ ಇಷ್ಟದ ಊಟ. ಆಲ್ಫಾ ಜಾಸ್ತಿ ಕಡಿದಷ್ಟೂ ಬೀಟಾಗೆ ಹೊಸ ತುದಿಗಳು ಸಿಗುತ್ತವೆ. ಬೀಟಾ 60ರಿಂದ 65 ಡಿಗ್ರಿಯಲ್ಲಿ ಚುರುಕು, 70 ದಾಟಿದರೆ ಬೇಗ ಸಾಯುತ್ತದೆ. ಆಲ್ಫಾ ಇನ್ನೂ ಸ್ವಲ್ಪ ಬಿಸಿ ತಡೆಯುತ್ತದೆ. ಅದಕ್ಕೇ ಬಿಯರ್ ಮಾಡುವವರು ಮೊಳಕೆ ಬಾರ್ಲಿಯ ತರಿಯನ್ನು 65ರಿಂದ 67 ಡಿಗ್ರಿಯ ನೀರಿನಲ್ಲಿ ಸುಮಾರು ಒಂದು ಗಂಟೆ ಇಡುತ್ತಾರೆ. ಕೆಳಗಿಳಿದರೆ ತೆಳು ಬಿಯರ್, ಮೇಲೇರಿದರೆ ಮೈಗೂಡಿದ, ಸ್ವಲ್ಪ ಸಿಹಿ ಬಿಯರ್.

ಇದನ್ನು ಕಣ್ಣಾರೆ ನೋಡಲು ಬಾರ್ಲಿ ಬೇಡ. ರಾಗಿಯನ್ನು ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಬೇರು ಉಜ್ಜಿ ತೆಗೆದು ಹಿಟ್ಟು ಮಾಡಿಕೊಳ್ಳಿ. ಘಮ ಬರಲೆಂದು ಕೆಂಪಗೆ ಹುರಿದರೆ ಕಿಣ್ವ ಸತ್ತಂತೆ. ಮಾಮೂಲಿ ರಾಗಿ ಹಿಟ್ಟಿನ ಗಂಜಿಯನ್ನು ಗಟ್ಟಿಯಾಗಿ ಕಾಯಿಸಿ, 65 ಡಿಗ್ರಿಗೆ ಇಳಿಸಿ, ಮೊಳಕೆ ಹಿಟ್ಟು ಎರಡು ಚಮಚ ಕಲಸಿ, ಬಿಸಿ ಆರದಂತೆ ಮುಚ್ಚಿಡಿ. ಸೌಟಿಗೆ ಅಂಟಿಕೊಂಡಿದ್ದ ಗಂಜಿ ನೋಡನೋಡುತ್ತಲೇ ಸಡಿಲವಾಗಿ ಸಾರಿನಂತೆ ಸುರಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ರುಚಿ ನೋಡಿ, ಸಕ್ಕರೆ ಹಾಕದೆಯೂ ಸಿಹಿ! ಬಿಳಿ ತಟ್ಟೆಯಲ್ಲಿ ಒಂದು ತೊಟ್ಟು ಗಂಜಿಗೆ ಅಯೋಡಿನ್ ಹನಿ ಹಾಕಿ. ಕಡುನೀಲಿಯಾದರೆ ಪಿಷ್ಟ ಇನ್ನೂ ಉಳಿದಿದೆ. (ಆ ತೊಟ್ಟನ್ನು ತಿನ್ನಬೇಡಿ.) ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಮೊಳಕೆ ರಾಗಿ, ಹೆಸರುಕಾಳಿನಿಂದ ಕೂಸುಗಳ ಆಹಾರ ರೂಪಿಸಿದ್ದರ ಹಿಂದೆಯೂ ಇದೇ ಗುಟ್ಟು. ಗಂಜಿ ತೆಳ್ಳಗಾದರೆ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು. ಮೊಳಕೆಯನ್ನೇ ಕಾಣದ ಹಿಟ್ಟಿಗೆ ‘ರಾಗಿ ಮಾಲ್ಟ್’ ಅಂತ ಬೋರ್ಡು ಹಾಕುವುದನ್ನು ಕಂಡರೆ ನನಗಂತೂ ಸಿಟ್ಟು ಬರುತ್ತದೆ.

ಚರಿತ್ರೆಯಲ್ಲೂ ಯೀಸ್ಟಿನ ಸರದಿ ಆಮೇಲೇ. ಬವೇರಿಯಾದ 1516ರ ಬಿಯರ್ ಕಾನೂನಿನಲ್ಲಿ ಬಾರ್ಲಿ, ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಒಂದು ಬಳ್ಳಿಯ ಹೂ), ನೀರು ಇವೆ, ಯೀಸ್ಟಿನ ಹೆಸರೇ ಇಲ್ಲ. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪರ್ಸೋ ಮೊಳಕೆ ಬಾರ್ಲಿಯಿಂದ ಡಯಾಸ್ಟೇಸ್ (ಅಮೈಲೇಸ್‌ಗಳದೇ ಹಳೆಯ ಹೆಸರು) ಬೇರ್ಪಡಿಸಿದರು. ಹೀಗೆ ಬೇರ್ಪಡಿಸಿದ ಮೊದಲ ಕಿಣ್ವ ಅದು. ಯೀಸ್ಟ್ ಜೀವವಿರುವ ವಸ್ತುವೋ ಅಲ್ಲವೋ ಎಂಬ ಜಗಳ ಅದಾದ ಮೇಲೂ ದಶಕಗಟ್ಟಲೆ ನಡೆಯಿತು.

ಬಿಯರಿನ ಮುಂದಿನ ಕೆಲಸ ಚುಟುಕಾಗಿ: ಮೊಳಕೆ ಬಾರ್ಲಿಯ ಸಿಹಿ ನೀರನ್ನು ಸೋಸಿ, ಹಾಪ್ಸ್ ಹಾಕಿ ಸುಮಾರು ಒಂದು ಗಂಟೆ ಕುದಿಸಿ, ಬೇಗ ತಣಿಸಿ, ಯೀಸ್ಟ್ ಬೆರೆಸುತ್ತಾರೆ. ಏಲ್ ಎಂಬ ಬಗೆಯ ಬಿಯರಿನ ಯೀಸ್ಟಿಗೆ 20 ಡಿಗ್ರಿ ಆಸುಪಾಸು ಹಿತ. ಮೈಸೂರಿನ ಏಪ್ರಿಲ್ ಬಿಸಿಲಲ್ಲಿ ಡಬ್ಬಿ ಇಟ್ಟರೆ ಗಂಟಲು ಸುಡುವ ರುಚಿ ಬರುತ್ತದೆ. ಮನೆ ಬಿಯರ್ ಕುಡಿದರೆ ಕಣ್ಣು ಹೋಗುತ್ತದೆ ಎಂಬ ಭಯ ಮಾತ್ರ ತಪ್ಪು. ಕಣ್ಣು ತೆಗೆಯುವುದು ಮೆಥನಾಲ್, ಕಳ್ಳಭಟ್ಟಿ ದುರಂತಗಳಲ್ಲಿ ಸಾಮಾನ್ಯವಾಗಿ ಅದನ್ನು ಬೆರೆಸಿರುತ್ತಾರೆ. ಧಾನ್ಯದ ಬಿಯರ್‌ನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ನಿಜವಾದ ಅಪಾಯ ಬಾಟಲಿಯದು. ಹುದುಗು ಮುಗಿಯುವ ಮೊದಲೇ ಬಿರಡೆ ಬಿಗಿದರೆ ಒಳಗಿನ ಗಾಳಿಗೆ ಗಾಜು ಸಿಡಿಯುತ್ತದೆ.

ಆದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮನೆ ಅಂತ ವಿನಾಯಿತಿ ಕೇಳಲು ಹೋಗಬೇಡಿ. ಯೀಸ್ಟ್ ಬೆರೆಸುವ ಮುಂಚಿನವರೆಗಿನ ಆಟಕ್ಕೆ ಯಾವ ಲೈಸೆನ್ಸೂ ಬೇಡ, ಒಂದು ಥರ್ಮಾಮೀಟರ್ ಸಾಕು.