ಬರೆದಾಯ್ತು, ತಲುಪಿತಾ?

ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗ ಒಂದು ಸಂಜೆ ತಲೆ ಕೆರೆದುಕೊಂಡು ಬಂದ. "ಸರ್, ರೀಸೆಟ್ ಕೋಡ್ ಮಧ್ಯೆ ಒಂದು ಪ್ರಿಂಟ್ ಹಾಕಿದ್ರೆ ಕಾರ್ಡ್ ಸರಿಯಾಗಿ ಏಳತ್ತೆ. ಪ್ರಿಂಟ್ ತೆಗೆದ್ರೆ ಒಂದೊಂದ್ಸಲ ಏಳಲ್ಲ."

ಕೋಡ್ ನೋಡಿದೆ. ಲಿನಕ್ಸ್ ಡ್ರೈವರ್ (ಸಾಧನವನ್ನು ನಡೆಸುವ ಕೋಡ್), ಕಂಪ್ಯೂಟರಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹಾಕುವ ಕಾರ್ಡ್. ರೈಟ್‌ಎಲ್ (ಸಾಧನಕ್ಕೆ ಬರೆಯುವ ಫಂಕ್ಷನ್) ಕರೆದು ರೀಸೆಟ್ ಬಿಟ್‌ಗೆ 1 ಬರೆಯುವುದು, 10 ಮೈಕ್ರೋಸೆಕೆಂಡ್ ಕಾಯುವುದು, ಮತ್ತೆ 0 ಬರೆಯುವುದು. ಮೂರೇ ಸಾಲು. ತಪ್ಪೇನೂ ಕಾಣುವುದಿಲ್ಲ, ಅಲ್ವಾ?

ಐಒರೀಮ್ಯಾಪ್ ಮಾಡಿದ ಮೇಲೆ, ಅಂದರೆ ಸಾಧನವನ್ನು ವಿಳಾಸಕ್ಕೆ ಜೋಡಿಸಿದ ಮೇಲೆ, ಅದರ ರಿಜಿಸ್ಟರುಗಳು (ಒಳಗಿನ ಪುಟ್ಟ ಖಾನೆಗಳು) ನಮಗೆ ಮೆಮೊರಿ ವಿಳಾಸದ ಹಾಗೇ ಕಾಣುತ್ತವೆ. ನಾವು ಮೋಸಹೋಗುವುದು ಇಲ್ಲೇ. ಸಿಪಿಯುಗೂ ಕಾರ್ಡಿಗೂ ನಡುವೆ ಬ್ರಿಡ್ಜ್‌ಗಳಿವೆ, ಅವುಗಳಲ್ಲಿ ಬಫರ್‌ಗಳಿವೆ, ಅಂದರೆ ಡೇಟಾ ಸ್ವಲ್ಪ ಹೊತ್ತು ನಿಲ್ಲುವ ಜಾಗಗಳು. ನಾವು ಬರೆದದ್ದನ್ನು ಸಿಪಿಯು ಆ ಕಡೆ ಒಪ್ಪಿಸಿ ಮುಂದಿನ ಸಾಲಿಗೆ ಹೋಗಿಬಿಡುತ್ತದೆ. ಇದಕ್ಕೆ ಪೋಸ್ಟೆಡ್ ರೈಟ್ ಅಂತ ಹೆಸರು. ಅಂಚೆ ಡಬ್ಬಿಗೆ ಕಾಗದ ಹಾಕಿ ಮನೆಗೆ ಬಂದ ಹಾಗೆ. ಆ 10 ಮೈಕ್ರೋಸೆಕೆಂಡ್ ಕಾದದ್ದು ಸಿಪಿಯು, ಕಾರ್ಡ್ ಅಲ್ಲ. 1 ಇನ್ನೂ ದಾರಿಯಲ್ಲೇ ಇರುವಾಗ ಹಿಂದಿನಿಂದ 0 ಬಂದು ಸೇರಿಕೊಂಡರೆ, ಎರಡೂ ಬೆನ್ನಿಗೆ ಬೆನ್ನಿಗೇ ಕಾರ್ಡನ್ನು ಮುಟ್ಟುತ್ತವೆ. ರೀಸೆಟ್ ಆಗಲು ಬೇಕಾದಷ್ಟು ಹೊತ್ತೇ ಅದಕ್ಕೆ ಸಿಗುವುದಿಲ್ಲ.

ಓದುವುದು ಹಾಗಲ್ಲ. ಉತ್ತರ ಬರುವವರೆಗೂ ಕಾಯಲೇಬೇಕು. ಜೊತೆಗೆ ಪಿಸಿಐ ನಿಯಮದ ಪ್ರಕಾರ, ಮುಂದೆ ಹೊರಟ ಬರಹವನ್ನು ಹಿಂದೆ ಬಂದ ಓದು ಹಿಂದಿಕ್ಕುವಂತಿಲ್ಲ. ಹಾಗಾಗಿ ಓದುವ ಫಂಕ್ಷನ್ ರೀಡ್‌ಎಲ್‌ಗೆ ಉತ್ತರ ಬಂತು ಅಂದರೆ ಆ ಕಾರ್ಡಿಗೆ ಮೊದಲು ಬರೆದದ್ದು ತಲುಪಿದೆ ಅಂತಲೇ ಅರ್ಥ. ಹುಡುಗ 1 ಬರೆದ ತಕ್ಷಣ ಆ ರಿಜಿಸ್ಟರ್ ಓದಿ ಅದರ ಬೆಲೆ ಪ್ರಿಂಟ್ ಮಾಡಿಸಿದ್ದ. ಕಾರ್ಡನ್ನು ಎಬ್ಬಿಸಿದ್ದು ಆ ಓದು. ಪ್ರಿಂಟ್ ಸುಮ್ನೆ ಹೆಸರು ತೊಗೊಂಡಿತ್ತು.

ಇಂಟರಪ್ಟ್ (ಸಾಧನ ಸಿಪಿಯುವನ್ನು ಕರೆಯುವ ಸಂಕೇತ) ಬಂದಾಗ ಓಡುವ ಹ್ಯಾಂಡ್ಲರಿನಲ್ಲೂ ಇದೇ ಕಥೆ. ಹಳೆಯ ಲೆವೆಲ್ ಮಾದರಿಯ (ಅಳಿಸುವವರೆಗೂ ನಿಲ್ಲದ) ಇಂಟರಪ್ಟ್ ಇದ್ದು, ಅದನ್ನು ಅಳಿಸುವ ಬರಹ ದಾರಿಯಲ್ಲಿರುವಾಗಲೇ ಹ್ಯಾಂಡ್ಲರ್ ಮುಗಿದರೆ ಕರ್ನಲ್ (ಲಿನಕ್ಸಿನ ತಿರುಳು) ಮತ್ತೆ ನಿಮ್ಮನ್ನೇ ಕರೆಯುತ್ತದೆ. ಹೋಗಿ ನೋಡಿದರೆ ಅಲ್ಲಿ ಕೆಲಸವೇ ಇರುವುದಿಲ್ಲ. ಇಂಥದ್ದು ಅಪರೂಪಕ್ಕೆ ಆದರೆ ಕರ್ನಲ್ ತಲೆಕೆಡಿಸಿಕೊಳ್ಳುವುದಿಲ್ಲ. ಆದರೆ 1,00,000ದಲ್ಲಿ 99,900ಕ್ಕಿಂತ ಜಾಸ್ತಿ ಇಂಟರಪ್ಟ್‌ಗಳನ್ನು ಯಾರೂ ತಮ್ಮದು ಅನ್ನದಿದ್ದರೆ 'ನೋಬಡಿ ಕೇರ್ಡ್' ಅಂತ ಲಾಗಿನಲ್ಲಿ ಬರೆದು ಆ ಲೈನನ್ನೇ ಮುಚ್ಚಿಬಿಡುತ್ತದೆ.

ಹಾಗಂತ ಪ್ರತಿ ಬರಹದ ಹಿಂದೆಯೂ ಒಂದು ಓದು ಅಂಟಿಸಬೇಡಿ. ಒಂದು ಓದು ಹೋಗಿಬರುವಷ್ಟರಲ್ಲಿ ಸಿಪಿಯು ನೂರಾರು ಇನ್‌ಸ್ಟ್ರಕ್ಷನ್ ಮುಗಿಸಬಹುದು. ಯಾವ ರಿಜಿಸ್ಟರ್ ಓದುತ್ತೀರಿ ಅನ್ನುವುದೂ ಮುಖ್ಯ. ಕೆಲವು ಸ್ಟೇಟಸ್ ರಿಜಿಸ್ಟರುಗಳು ಓದಿದ ಕೂಡಲೇ ಅಳಿಸಿಹೋಗುತ್ತವೆ. ಫಿಫೋ (ಮೊದಲು ಬಂದದ್ದು ಮೊದಲು ಹೊರಡುವ ಸಾಲು) ಮುಟ್ಟಿದರೆ ಒಂದು ಬೈಟ್ ಹೋಯಿತು ಅಂತಲೇ ಲೆಕ್ಕ. ಡೇಟಾಶೀಟ್ ನೋಡಿ, ಓದಿದರೆ ಏನೂ ಆಗದ ರಿಜಿಸ್ಟರ್ ಆರಿಸಿಕೊಳ್ಳಿ. ಮತ್ತೆ, 32 ಬಿಟ್ಟೂ 1 ಅಂತ ಬಂದರೆ ಅದನ್ನು ಉತ್ತರ ಅಂತ ನಂಬಬೇಡಿ. ಬಹುಮಟ್ಟಿಗೆ ಆ ಕಡೆ ಕಾರ್ಡೇ ಮಾತಾಡುತ್ತಿಲ್ಲ.

ಹುಡುಗ ಪ್ರಿಂಟ್ ತೆಗೆದ, ರೀಡ್‌ಎಲ್ ಉಳಿಸಿಕೊಂಡ. ಅದರ ಪಕ್ಕ ಒಂದು ಕಾಮೆಂಟೂ ಹಾಕಿಸಿದೆ. ಕಂಪೈಲರ್ ಆ ಸಾಲನ್ನು ಮುಟ್ಟುವುದಿಲ್ಲ, ಅದು ಗೊತ್ತು. ಮುಂದಿನ ವರ್ಷ ಕೋಡ್ ಗುಡಿಸಲು ಬರುವವರು 'ಓದಿದ ಬೆಲೆ ಎಲ್ಲೂ ಬಳಸಿಲ್ಲವಲ್ಲ' ಅಂತ ಅಳಿಸಿಬಿಡುತ್ತಾರೆ, ಅದಕ್ಕೆ.