ಸಿಯೋಲ್ ತಲುಪುವಷ್ಟರಲ್ಲಿ ಅರ್ಧ ಲೋಕ ಸುತ್ತಿದ ಹಾಡು

ತಿಂಗಳಿಗೆ ಒಬ್ಬರಾದರೂ ಸ್ಟುಡಿಯೋಗೆ ಬಂದು ಈ ಮಾತು ಹೇಳಿಯೇ ಹೇಳುತ್ತಾರೆ: 'ಸಾರ್, ಮಿಕ್ಸ್ ಸ್ವಲ್ಪ ಕೆ-ಪಾಪ್ ಥರ ಬರ್ಲಿ.' ಕೆ-ಪಾಪ್ ಅಂದರೆ ದಕ್ಷಿಣ ಕೊರಿಯಾದ ಪಾಪ್ ಹಾಡು. ಹೋದ ವಾರವೂ ಒಬ್ಬ ಹುಡುಗ ಬಂದಿದ್ದ. ಸ್ವಂತ ಹಾಡು, ಸ್ವಂತ ದುಡ್ಡು. ಫೋನಿನಿಂದ ಒಂದು ಕೊರಿಯನ್ ಹಾಡು ಹಾಕಿದ. ಆಮೇಲೆ ತನ್ನದು ಹಾಕಿದ. 'ನೋಡಿ ಸಾರ್, ನಮ್ದು ಯಾಕೋ ಡಲ್ ಹೊಡೀತಿದೆ. ಸೌಂಡ್ ಜಾಸ್ತಿ ಮಾಡಿದ್ರೆ ಸರಿಹೋಗುತ್ತೆ ಅಲ್ವಾ?'

ಸರಿಹೋಗಲ್ಲ. ಇಪ್ಪತ್ತು ವರ್ಷದಿಂದ ಬೆಂಗಳೂರಿನಲ್ಲಿ ಇದೇ ಮಿಕ್ಸಿಂಗ್ ಕೆಲಸ, ಅಂದರೆ ಹಾಡಿನ ಸದ್ದುಗಳನ್ನೆಲ್ಲ ಹದವಾಗಿ ಬೆರೆಸುವ ಕೆಲಸ ಮಾಡುತ್ತಿದ್ದೇನೆ, ಸೌಂಡ್ ಜಾಸ್ತಿ ಮಾಡಿ ಸರಿಹೋದ ಹಾಡನ್ನು ಇನ್ನೂ ನೋಡಿಲ್ಲ. ಹುಡುಗನ ಕೈಗೆ ಒಂದು ಹಾಳೆ, ಪೆನ್ನು ಕೊಟ್ಟೆ. ಕೊರಿಯನ್ ಹಾಡನ್ನು ದೊಡ್ಡ ಸ್ಪೀಕರಿನಲ್ಲಿ ಹಾಕಿದೆ. 'ಕಿವಿಗೆ ಹೊಸದೇನಾದ್ರೂ ಬಿದ್ದಾಗೆಲ್ಲ ಒಂದು ಗೀಟು ಎಳಿ' ಅಂದೆ. ಹೊಸ ವಾದ್ಯ, ಹೊಸ ಗಂಟಲು, ಡ್ರಮ್ಸ್ ತಟ್ಟನೆ ನಿಲ್ಲುವುದು, ಹಿಂದಿನಿಂದ ಯಾರೋ ಕೂಗುವುದು, ಏನಾದರೂ ಸರಿ. ಮೊದಲ ಒಂದು ನಿಮಿಷಕ್ಕೆ ಹತ್ತೊಂಬತ್ತು ಗೀಟು ಬಿದ್ದವು. ಅವನ ಹಾಡಿನ ಮೊದಲ ನಿಮಿಷಕ್ಕೆ ನಾಲ್ಕು.

ಸುಮಾರು ಮೂರು ಸೆಕೆಂಡಿಗೊಂದು ಹೊಸ ತುತ್ತು. ಕೊರಿಯನ್ ಭಾಷೆಯ ಒಂದಕ್ಷರ ಬಾರದವರೂ ಆ ಹಾಡಿಗೆ ಅಂಟಿಕೊಳ್ಳುವುದು ಇದಕ್ಕೇ. ಮಾತು ತಿಳಿಯದವನ ಗಮನ ಬೇಗ ಜಾರುತ್ತೆ. ಜಾರುವ ಮೊದಲೇ ಇನ್ನೊಂದು ಬರುತ್ತೆ. ಹೊರದೇಶದವರಿಗೆ ಕೆ-ಪಾಪ್ ಯಾಕೆ ಹಿಡಿಸುತ್ತೆ ಅಂತ ಕೇಳಿದರೆ ಎಲ್ಲರೂ ಕುಣಿತ, ಬಟ್ಟೆ, ಕೂದಲಿನ ಬಣ್ಣದ ಮಾತಾಡುತ್ತಾರೆ. ಅದೂ ಇದೆ. ಆದರೆ ನನ್ನ ಮೇಜಿನಿಂದ ನೋಡಿದರೆ ಕಾರಣ ಹಾಡಿನ ಹೊಲಿಗೆಯಲ್ಲೇ ಕಾಣುತ್ತೆ. ಆ ಹಾಡು ಹೊರದೇಶಕ್ಕೆ ಹೋಗುವ ಮೊದಲೇ ಹೊರದೇಶ ಅದರೊಳಗೆ ಬಂದು ಕೂತಿರುತ್ತೆ.

ಹೊಲಿಗೆ ಅನ್ನುವ ಮಾತನ್ನು ಸುಮ್ನೆ ಹೇಳುತ್ತಿಲ್ಲ. ಶೈನೀ ಅನ್ನೋ ಐದು ಹುಡುಗರ ತಂಡ 2012ರಲ್ಲಿ 'ಶೆರ್ಲಾಕ್' ಅನ್ನೋ ಹಾಡು ಬಿಟ್ಟಿತು. ಅದೇ ಆಲ್ಬಮ್ಮಿನಲ್ಲಿ 'ಕ್ಲೂ' ಅಂತ ಒಂದು ಹಾಡಿದೆ, 'ನೋಟ್' ಅಂತ ಇನ್ನೊಂದಿದೆ. ಎರಡನ್ನೂ ಕತ್ತರಿಸಿ ಹೊಲಿದು ಮಾಡಿದ ಮೂರನೆಯದೇ 'ಶೆರ್ಲಾಕ್'. ಮುಚ್ಚುಮರೆ ಏನಿಲ್ಲ, ಹೆಸರಿನ ಪಕ್ಕದಲ್ಲೇ 'ಕ್ಲೂ ಪ್ಲಸ್ ನೋಟ್' ಅಂತ ಅವರೇ ಬರೆದುಕೊಂಡಿದ್ದಾರೆ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರಿಗೆ ನಾನು ಮೂರನ್ನೂ ಒಂದಾದ ಮೇಲೊಂದು ಕೇಳಿಸುತ್ತೇನೆ. ಮೊದಲೆರಡು ಅಚ್ಚುಕಟ್ಟಾದ, ಮಾಮೂಲಿ ಪಾಪ್ ಹಾಡುಗಳು. ಮೂರನೆಯದರಲ್ಲಿ ಒಂದರ ಬಾಲಕ್ಕೆ ಇನ್ನೊಂದರ ತಲೆ ಬಂದು ಕೂರುತ್ತೆ. ಎರಡೂ ಬೇರೆ ಬೇರೆ ಹಾಡು ಅಂತ ಗೊತ್ತಿಲ್ಲದವರಿಗೆ ಹೊಲಿಗೆ ಕಾಣುವುದೇ ಇಲ್ಲ, ಹಾಡು ಯಾಕೋ ಚುರುಕಾಗಿದೆ ಅಂತ ಮಾತ್ರ ಅನಿಸುತ್ತೆ. ಹೀಗೆ ಹೊಲಿಯಬೇಕಾದರೆ ಶ್ರುತಿ, ತಾಳದ ವೇಗ ಎರಡೂ ಕೂಡಿಬರಬೇಕು. ಮಾಡಿ ನೋಡಿದವರಿಗೆ ಗೊತ್ತು ಅದರ ಕಷ್ಟ. ಆ ಹಾಡಿಗೆ ಕುಣಿತ ಕಟ್ಟಿದವರು ಟೋನಿ ಟೆಸ್ಟಾ, ಅಮೆರಿಕದವರು.

ಈ ತುಂಡುಗಳು ಹುಟ್ಟುವುದು ಸಾಂಗ್ ಕ್ಯಾಂಪುಗಳಲ್ಲಿ. ಕಂಪನಿಯೊಂದು ಹತ್ತಾರು ಜನ ಸಂಗೀತಗಾರರನ್ನು ಕರೆಸುತ್ತೆ. ಮೂರು ನಾಲ್ಕು ಜನರಂತೆ ಕೋಣೆಗಳಲ್ಲಿ ಕೂರಿಸುತ್ತೆ. ಒಬ್ಬರು ಟ್ರ್ಯಾಕ್ ಮಾಡುತ್ತಾರೆ, ಅಂದರೆ ವಾದ್ಯದ ಭಾಗ. ಇನ್ನೊಬ್ಬರು ಅದರ ಮೇಲೆ ಟಾಪ್‌ಲೈನ್ ಹಾಡುತ್ತಾರೆ, ಅಂದರೆ ರಾಗದ ಭಾಗ. ಸಂಜೆಗೆ ಒಂದು ಡೆಮೊ ತಯಾರು. ಕಂಪನಿಗೆ ಡೆಮೊ ಪೂರ್ತಿ ಹಿಡಿಸಬೇಕು ಅಂತೇನಿಲ್ಲ. ಒಂದರ ಪಲ್ಲವಿ, ಇನ್ನೊಂದರ ಚರಣ ತಗೊಂಡು ಜೋಡಿಸುವುದೂ ಉಂಟು.

ಬರುವವರಲ್ಲಿ ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಕಡೆಯವರು ಜಾಸ್ತಿ. ಇದು ಹಳೇ ನಂಟು. ಎಸ್‌ಇಎಸ್ ಅನ್ನೋ ಮೂವರು ಹುಡುಗಿಯರ ತಂಡ 1998ರಲ್ಲಿ ಹಾಡಿದ 'ಡ್ರೀಮ್ಸ್ ಕಮ್ ಟ್ರೂ' ಮೂಲದಲ್ಲಿ ಫಿನ್‌ಲೆಂಡಿನ ಹಾಡು. 2009ರಲ್ಲಿ ಗರ್ಲ್ಸ್ ಜನರೇಷನ್ ಹಾಡಿದ 'ಜೀನಿ'ಯ ಟ್ಯೂನು ನಾರ್ವೆಯ ಡಿಸೈನ್ ಮ್ಯೂಸಿಕ್ ತಂಡದ್ದು, ಕುಣಿತ ಜಪಾನಿನ ರೀನೋ ನಕಸೋನೆ ಅವರದ್ದು. ಸಾಹಿತ್ಯ ಕೊರಿಯನ್. ಹಾಡಿದ ಒಂಬತ್ತು ಜನರಲ್ಲಿ ಕೆಲವರು ಹುಟ್ಟಿದ್ದು ಅಮೆರಿಕದಲ್ಲಿ. 2017ರ 'ರೆಡ್ ಫ್ಲೇವರ್' ಕೇಳಿದರೆ ಕೊರಿಯಾದ ಬೇಸಿಗೆಯೇ ಕಣ್ಣಮುಂದೆ ಬರುತ್ತೆ ಅನ್ನುವವರಿದ್ದಾರೆ. ಅದರ ಟ್ಯೂನು ಹಾಕಿದ್ದು ಸ್ವೀಡನ್ನಿನ ಇಬ್ಬರು, ಸೀಸರ್ ಮತ್ತು ಲೂಯಿ. ಅಮೆರಿಕದ, ಯುರೋಪಿನ ಹುಡುಗರು 'ಎಲ್ಲಿಂದಲೋ ಬಂದ ಹೊಸ ಸಂಗೀತ' ಅಂದುಕೊಂಡು ಕೇಳುವುದರಲ್ಲಿ ಅರ್ಧ ಅವರ ಪಕ್ಕದ ಬೀದಿಯದ್ದೇ.

ಹಾಗಾದರೆ ಕೊರಿಯಾದ್ದು ಏನುಳಿಯಿತು ಅಂತ ಕೇಳಬಹುದು. ಇಲ್ಲಿ ನಮ್ಮ ಗಾಂಧಿನಗರದವರಿಗೆ ವಿಷಯ ಬೇಗ ಅರ್ಥವಾಗುತ್ತೆ. ನಮ್ಮಲ್ಲೂ ಟ್ಯೂನು ಮೊದಲು, ಸಾಹಿತ್ಯ ಆಮೇಲೆ. ಸಂಗೀತ ನಿರ್ದೇಶಕರು ಬಾಯಿಗೆ ಬಂದ ಡಮ್ಮಿ ಸಾಲು ಹಾಡಿ ಕಳಿಸುತ್ತಾರೆ, ಸಾಹಿತಿ ಆ ಮೀಟರಿಗೆ ಕೂರುವ ಪದ ಹುಡುಕುತ್ತಾರೆ. ಕೊರಿಯಾದಲ್ಲಿ ಡಮ್ಮಿ ಇಂಗ್ಲಿಷಿನಲ್ಲಿ ಬರುತ್ತೆ. ಒಂದೇ ಡೆಮೊವನ್ನು ಹಲವು ಸಾಹಿತಿಗಳಿಗೆ ಕಳಿಸಿ, ಬಂದದ್ದರಲ್ಲಿ ಆರಿಸಿಕೊಳ್ಳುತ್ತಾರೆ. ಒಳ್ಳೆಯ ಸಾಹಿತಿ ಅರ್ಥದ ಜೊತೆಗೆ ಡಮ್ಮಿಯ ಸದ್ದನ್ನೂ ಉಳಿಸಿಕೊಳ್ಳಲು ನೋಡುತ್ತಾರೆ. ಡಮ್ಮಿಯಲ್ಲಿ 'ಆ' ಅಂತ ಬಾಯಿ ತೆರೆದ ಜಾಗದಲ್ಲಿ 'ಈ' ಬಂದರೆ ಎತ್ತರದ ಸ್ವರ ಹಿಂಡಿದ ಹಾಗಾಗುತ್ತೆ.

ಕೊರಿಯನ್ ಭಾಷೆಯ ಸದ್ದು ಹಾಡಿಗೆ ಹೇಳಿ ಮಾಡಿಸಿದಂತಿದೆ ಅನ್ನೋದು ನನ್ನ ಕಿವಿಯ ತೀರ್ಮಾನ. ಅವರೂ ನಮ್ಮ ಹಾಗೆ ಅಪ್ಪನನ್ನು ಹೆಚ್ಚುಕಮ್ಮಿ 'ಅಪ್ಪಾ' ಅಂತಲೇ ಕರೆಯುತ್ತಾರೆ, ಅಮ್ಮನನ್ನು 'ಅಮ್ಮಾ'ಕ್ಕೆ ತೀರಾ ಹತ್ತಿರದ ಸದ್ದಿನಲ್ಲಿ. ಕಾಫಿಗೆ ನಮ್ಮ ಹಳ್ಳಿಯವರ ಹಾಗೆ 'ಕಾಪಿ' ಅನ್ನುತ್ತಾರೆ. ನಾವು ಬಸ್ ಅನ್ನು ಬಸ್ಸು ಮಾಡಿಕೊಂಡ ಹಾಗೆ ಅವರೂ ಬಾಲಕ್ಕೆ ಒಂದು ಸ್ವರ ಸೇರಿಸಿ 'ಬಸು' ಅಂತಾರೆ. ನೆಂಟಸ್ತನದ ಕಥೆ ಹೇಳುತ್ತಿಲ್ಲ, ಹಾಡಿನ ಲೆಕ್ಕ ಹೇಳುತ್ತಿದ್ದೇನೆ. ಇಂಗ್ಲಿಷಿನ 'ಲವ್' ಒಂದೇ ಪೆಟ್ಟಿಗೆ ಮುಗಿಯುತ್ತೆ. ಅದೇ ಕೊರಿಯನ್ ಬಾಯಲ್ಲಿ 'ಲೊಬು' ಅಂತ ಎರಡು ಪೆಟ್ಟಾಗುತ್ತೆ, ರಾಗ ಹಾಕುವವನಿಗೆ ಒಂದು ಸ್ವರ ಬಿಟ್ಟಿ ಸಿಗುತ್ತೆ. ಇನ್ನು ಅವರ ಒತ್ತಿ ನುಡಿಯುವ ಪ, ತ, ಕ. 'ಒಪ್ಪಾ', ಅಂದರೆ ಅಣ್ಣಾ, ಅನ್ನುವಾಗ ಆ 'ಪ್ಪ' ಸ್ನೇರ್ ಡ್ರಮ್ಮಿನ ಏಟಿನ ಹಾಗೆ ಬೀಳುತ್ತೆ. ರ‍್ಯಾಪ್ ಬರೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಇಷ್ಟು ಹೊರಗಿನವರನ್ನು ಕರೆಸಿಕೊಳ್ಳುವ ದರ್ದು ಯಾಕೆ ಬಂತು? ದಕ್ಷಿಣ ಕೊರಿಯಾದ ಜನಸಂಖ್ಯೆ 5 ಕೋಟಿ ಚಿಲ್ಲರೆ. 2011ರ ಜನಗಣತಿಯಲ್ಲೇ ಕರ್ನಾಟಕ 6 ಕೋಟಿ ದಾಟಿತ್ತು. ಅಷ್ಟು ಸಣ್ಣ ಮಾರುಕಟ್ಟೆ. 1997ರ ಆರ್ಥಿಕ ಕುಸಿತ ಅದನ್ನೂ ಅಲ್ಲಾಡಿಸಿತು. ಆಮೇಲೆ ಎಂಪಿ3 ಬಂದು ಕ್ಯಾಸೆಟ್ಟು, ಸಿಡಿ ವ್ಯಾಪಾರವನ್ನು ಮಲಗಿಸಿತು. ಪಕ್ಕದಲ್ಲೇ ಜಪಾನ್, ಲೋಕದ ಎರಡನೇ ದೊಡ್ಡ ಸಂಗೀತ ಮಾರುಕಟ್ಟೆ. ಬೋವಾ ಅನ್ನೋ ಹುಡುಗಿ ಜಪಾನಿ ಕಲಿತು ಹೋಗಿ 2002ರಲ್ಲಿ ಅಲ್ಲಿನ ಸಂಗೀತ ಮಾರಾಟದ ಒರಿಕಾನ್ ಪಟ್ಟಿಯ ತುದಿಗೇರಿದಳು. ಅಷ್ಟು ಹೊತ್ತಿಗೆ ಚೀನಾದಲ್ಲೂ ಕೊರಿಯನ್ ಹಾಡಿನ ಹುಚ್ಚು ಹತ್ತಿತ್ತು. ಎಚ್‌ಓಟಿ ತಂಡ 2000ದಲ್ಲೇ ಬೀಜಿಂಗ್‌ನಲ್ಲಿ ಹಾಡಿ ಬಂದಿತ್ತು. ಒಂದು ದಾರಿ ಸಿಕ್ಕಿತು.

ಪಶ್ಚಿಮದ ದಾರಿ ಬೇರೆ. ಜಪಾನಿನ ಹಲವು ಕಂಪನಿಗಳು ವಿಡಿಯೋಗಳನ್ನು ಬಹಳ ಕಾಲ ಬೀಗ ಹಾಕಿ ಇಟ್ಟುಕೊಂಡಿದ್ದಾಗ ಕೊರಿಯಾದವರು ಎಲ್ಲವನ್ನೂ ಯೂಟ್ಯೂಬಿಗೆ ಬಿಟ್ಟಿ ಸುರಿದರು. ಪೂರ್ತಿ ಮೈ ಕಾಣುವಂತೆ ಒಂದೇ ಕ್ಯಾಮೆರಾದಲ್ಲಿ ಹಿಡಿದ ಕುಣಿತದ ಅಭ್ಯಾಸದ ವಿಡಿಯೋ ಕೂಡ. ಕಲಿಯುವವರಿಗೆ ಅದೇ ಪಾಠ. 2011ರಲ್ಲಿ ಪ್ಯಾರಿಸ್ಸಿನ ಕೆ-ಪಾಪ್ ಸಂಗೀತ ಕಛೇರಿಯ ಟಿಕೆಟ್ಟು ಖಾಲಿಯಾದಾಗ ಅಭಿಮಾನಿಗಳು ಲೂವ್ರ್ ಮ್ಯೂಸಿಯಮ್ಮಿನ ಮುಂದೆ ಕುಣಿದು 'ಇನ್ನೊಂದು ದಿನ ಹಾಡಿ' ಅಂತ ಕೇಳಿದರು. ಇನ್ನೊಂದು ದಿನ ಸಿಕ್ಕಿತು. ಗಾಯಕ ಸೈ ಅವರ 'ಗಂಗ್ನಮ್ ಸ್ಟೈಲ್' ಹಾಡಿನ ಕುದುರೆ ಕುಣಿತದ ಕಥೆ ಎಲ್ಲರಿಗೂ ಗೊತ್ತು: 2012ರ ಜುಲೈಯಲ್ಲಿ ಬಂದದ್ದು ಡಿಸೆಂಬರಿನಲ್ಲಿ 100 ಕೋಟಿ ವೀಕ್ಷಣೆ ಮುಟ್ಟಿತು, ಯೂಟ್ಯೂಬಿನಲ್ಲಿ ಆ ಗಡಿ ಮುಟ್ಟಿದ ಮೊದಲ ವಿಡಿಯೋ. ಆದರೆ ಅದು ಒಂದು ಹಾಡಿನ ಗೆಲುವು. ತಂಡವೊಂದರ ಗೆಲುವು ಬಂದದ್ದು ಏಳು ಹುಡುಗರ ಬಿಟಿಎಸ್‌ನಿಂದ. 2018ರ ಮೇ ತಿಂಗಳಲ್ಲಿ ಅವರ ಆಲ್ಬಮ್ ಅಮೆರಿಕದ ಆಲ್ಬಮ್ಮುಗಳ ಪಟ್ಟಿಯಾದ ಬಿಲ್‌ಬೋರ್ಡ್ 200ರಲ್ಲಿ ಮೊದಲ ಸ್ಥಾನಕ್ಕೆ ಬಂತು, ಬಹುಪಾಲು ಕೊರಿಯನ್ ಭಾಷೆಯಲ್ಲೇ.

ಆಲ್ಬಮ್ ಅಂದಾಗ ನನ್ನ ಅಕ್ಕನ ಮಗಳ ವಿಷಯ ಹೇಳಬೇಕು. ಮೈಸೂರಿನಲ್ಲಿ ಪಿಯುಸಿ ಓದುತ್ತಾಳೆ. ಹೋದ ರಜೆಯಲ್ಲಿ ಅವಳಿಗೊಂದು ಪಾರ್ಸೆಲ್ ಬಂತು. ಹನ್ನೆರಡು ಹುಡುಗಿಯರು ಸೇರಿ ಒಟ್ಟಿಗೆ ತರಿಸಿದ್ದು, ಸಾಗಣೆ ಖರ್ಚು ಹಂಚಿಕೊಳ್ಳಲು. ಅದಕ್ಕೆ ಗ್ರೂಪ್ ಆರ್ಡರ್, ಚಿಕ್ಕದಾಗಿ 'ಜಿಓ' ಅಂತಾರೆ. ನಾನು ಸಿಮ್ ಕಂಪನಿ ಅಂದುಕೊಂಡಿದ್ದೆ. ಮೇಜಿನ ಮೇಲೆ ಬಟ್ಟೆ ಹಾಸಿ, ಕೈ ತೊಳೆದುಕೊಂಡು ಬಂದು ಡಬ್ಬಿ ಬಿಚ್ಚಿದಳು. ಮದುವೆ ಆಲ್ಬಮ್ಮಿನಷ್ಟು ದಪ್ಪದ ಫೋಟೋ ಪುಸ್ತಕ, ಸ್ಟಿಕ್ಕರು, ಮಡಿಸಿದ ಪೋಸ್ಟರು. ಅವಳು ಉಸಿರು ಬಿಗಿಹಿಡಿದು ಹುಡುಕಿದ್ದು ಮಾತ್ರ ಬಸ್ ಪಾಸಿನಷ್ಟು ದೊಡ್ಡ ಒಂದು ಫೋಟೋ ಕಾರ್ಡು. ಯಾವ ಡಬ್ಬಿಯಲ್ಲಿ ಯಾರ ಚಿತ್ರ ಅಂತ ಗೊತ್ತಿರಲ್ಲ. ಅವಳಿಗೆ ಬೇಕಾದವನು ಬರಲಿಲ್ಲ. 'ಪರ್ವಾಗಿಲ್ಲ ಮಾಮ, ಶಿವಮೊಗ್ಗದಲ್ಲಿ ಒಬ್ಳ ಹತ್ರ ಇದೆ, ಬದಲಾಯಿಸ್ಕೋತೀನಿ' ಅಂದಳು.

ತಳದಲ್ಲಿ ಸಿಡಿ ಇತ್ತು. ನಮ್ಮ ಕಸುಬಿನ ಮಾಲು ಅದೊಂದೇ. 'ಕೇಳಲ್ವೇನೇ?' ಅಂದೆ. 'ಪ್ಲೇಯರ್ ಎಲ್ಲಿದೆ ಮಾಮ?' ಅಂದಳು. ನನ್ನ ಹೊಸ ಕಂಪ್ಯೂಟರಿನಲ್ಲೂ ಸಿಡಿ ತೂರಿಸುವ ಬಾಯಿಲ್ಲ.

2023ರಲ್ಲಿ ಇಂಥ ಆಲ್ಬಮ್‌ಗಳು 11 ಕೋಟಿಗೂ ಮಿಕ್ಕಿ ಖರ್ಚಾದವು. ಮರುವರ್ಷ ಸ್ವಲ್ಪ ಇಳಿಯಿತು. ಹಾಡು ಫೋನಿನಲ್ಲಿ ಬಿಟ್ಟಿ ಸಿಗುವ ಕಾಲದಲ್ಲಿ ಇಷ್ಟು ಸಿಡಿ ಮಾರಬೇಕಾದರೆ ಮಾರುತ್ತಿರುವುದು ಬೇರೇನೋ ಅಂತ ಅರ್ಥ. ಒಂದೇ ಆಲ್ಬಮ್ಮಿಗೆ ನಾಲ್ಕೈದು ಬೇರೆ ಬೇರೆ ಹೊದಿಕೆ, ಕಾರ್ಡಿನ ಲಾಟರಿ. ಮಕ್ಕಳ ಪಾಕೆಟ್ ಮನಿ ಹೀಗೆ ಎಳೆದುಕೊಳ್ಳುವುದು ನನಗೆ ಹಿಡಿಸಲ್ಲ. ಹಾಡುವವರ ಮೇಲಿನ ಹೊರೆಯೂ ಕಡಿಮೆಯಲ್ಲ. ಟ್ವೈಸ್ ತಂಡದ ಜಿಹ್ಯೋ ವೇದಿಕೆಗೆ ಬರುವ ಮೊದಲು ಹತ್ತು ವರ್ಷ ತರಬೇತಿಯಲ್ಲೇ ಇದ್ದರು. 2009ರಲ್ಲಿ ಟಿವಿಎಕ್ಸ್‌ಕ್ಯೂ ತಂಡದ ಮೂವರು 13 ವರ್ಷದ ಕರಾರಿನ ವಿರುದ್ಧ ಕೋರ್ಟಿಗೆ ಹೋದರು. ಸರ್ಕಾರ ಮಾದರಿ ಕರಾರು ತಂದು 7 ವರ್ಷದ ಮಿತಿ ಹಾಕಿದ್ದೂ ಅದೇ ವರ್ಷ.

ವೇದಿಕೆಯಲ್ಲಿ ನಿಜವಾಗಿ ಹಾಡುತ್ತಾರಾ ಅಂತಲೂ ನನ್ನನ್ನು ಕೇಳುತ್ತಾರೆ. ಹಾಡುತ್ತಾರೆ, ಹಿಂದೆ ಸ್ಟುಡಿಯೋದ ಗಂಟಲೂ ಓಡುತ್ತಿರುತ್ತೆ, ಎಷ್ಟು ಅನ್ನೋದು ತಂಡಕ್ಕೆ ತಕ್ಕ ಹಾಗೆ. ಅಷ್ಟು ಕುಣಿದುಕೊಂಡು ಬರೀ ಉಸಿರಲ್ಲಿ ಹಾಡಲು ಆಗಲ್ಲ. 'ಎಂಆರ್ ತೆಗೆದ' ವಿಡಿಯೋ, ಅಂದರೆ ಹಿನ್ನೆಲೆ ಟ್ರ್ಯಾಕ್ ಕಳೆದು ಬರೀ ಗಂಟಲು ಉಳಿಸಿದ್ದು ಅಂತ ಅಭಿಮಾನಿಗಳು ಹಂಚುತ್ತಾರಲ್ಲ, ಅದನ್ನು ಮಾತ್ರ ನಂಬಬೇಡಿ. ಸಾಫ್ಟ್‌ವೇರ್ ಕಳೆಯುವಾಗ ಗಂಟಲಿನ ಅರ್ಧ ಮೈಯೂ ಹೋಗಿರುತ್ತೆ. ಲತಾ ಮಂಗೇಶ್ಕರ್ ಹಾಡಿದ್ದನ್ನು ಹಾಗೆ ಕಳೆದರೂ ಬೇಸುರೇ ಕೇಳಿಸೀತು.

ಈಗ ಕೊರಿಯಾದ ಕಂಪನಿಗಳಿಗೆ ಹೊರಗಿನ ಟ್ಯೂನು ಸಾಕಾಗುತ್ತಿಲ್ಲ, ಹೊರಗಿನ ಮುಖವೂ ಬೇಕು. ಬ್ಲ್ಯಾಕ್‌ಪಿಂಕಿನ ಲಿಸಾ ಥಾಯ್ಲೆಂಡಿನವರು. ಒಡಿಶಾದ ರೂರ್ಕೆಲಾದ ಶ್ರೇಯಾ ಲೆಂಕಾ 2022ರಲ್ಲಿ ಬ್ಲ್ಯಾಕ್‌ಸ್ವಾನ್ ತಂಡ ಸೇರಿದರು. ನಮ್ಮ ದೇಶದಿಂದ ಕೆ-ಪಾಪ್ ತಂಡ ಸೇರಿದ ಮೊದಲಿಗರು ಅವರೇ. ಭಾಷೆಯೂ ಜಾರುತ್ತಿದೆ. ಬಿಲ್‌ಬೋರ್ಡ್ ಹಾಟ್ 100, ಅಂದರೆ ಬಿಡಿ ಹಾಡುಗಳ ಪಟ್ಟಿಯಲ್ಲಿ ಬಿಟಿಎಸ್ ಮೊದಲ ಸಲ ತುದಿಗೇರಿದ್ದು 2020ರ 'ಡೈನಮೈಟ್'ನಿಂದ. ಬರೆದವರು ಇಬ್ಬರು ಬ್ರಿಟಿಷರು, ಭಾಷೆ ಪೂರ್ತಿ ಇಂಗ್ಲಿಷ್. ಸೊಗಸಾದ ಮಿಕ್ಸ್. ಆದರೂ ಕೇಳಿ ಮುಗಿಸಿದಾಗ ಊಟಕ್ಕೆ ಉಪ್ಪಿನಕಾಯಿ ಬಡಿಸಲು ಮರೆತ ಹಾಗೆ ಅನಿಸಿತ್ತು. ಅದೇ ವರ್ಷದ ಕೊನೆಗೆ ಬಹುಪಾಲು ಕೊರಿಯನ್ನಿನಲ್ಲಿರುವ ಅವರದೇ 'ಲೈಫ್ ಗೋಸ್ ಆನ್' ಕೂಡ ತುದಿಗೇರಿತು. ಒಳಗೊಳಗೆ ಖುಷಿಯಾಯಿತು.

ಹುಡುಗನ ಹಾಡಿಗೆ ಬರೋಣ. ಎರಡು ದಿನ ಕೂತೆವು. ಎರಡನೇ ಚರಣದ ಡ್ರಮ್ಸ್ ಪೂರ್ತಿ ತೆಗೆದು ಬರೀ ಚಿಟಿಕೆ ಇಟ್ಟೆವು. ಪಲ್ಲವಿಯ ಕೊನೆ ಸಾಲಿಗೆ ಅವನ ತಂಗಿಯ ಗಂಟಲು ಸೇರಿಸಿದೆವು. ಒಂದು ಕಡೆ ಅರ್ಧ ಸೆಕೆಂಡು ಎಲ್ಲವನ್ನೂ ನಿಲ್ಲಿಸಿದೆ. 'ಅಯ್ಯೋ ಕಟ್ ಆಯ್ತಾ ಸಾರ್?' ಅಂತ ಎದ್ದು ನಿಂತ. ಗೀಟು ಎಣಿಸಿದರೆ ನಾಲ್ಕು ಇದ್ದದ್ದು ಹದಿಮೂರಾಗಿತ್ತು. ಖುಷಿಯಾಗಿ ಫೈಲ್ ತಗೊಂಡು ಹೋದ.

ರಾತ್ರಿ ಹನ್ನೊಂದೂವರೆಗೆ ವಾಟ್ಸಾಪ್ ಬಂತು: 'ಸೂಪರ್ ಸಾರ್. ಸೌಂಡ್ ಮಾತ್ರ ಇನ್ನೊಂಚೂರು ಜಾಸ್ತಿ ಮಾಡಿ.'