ಹಗ್ಗವನ್ನು ದ್ರಾಕ್ಷಿಯಂತೆ ಒಣಗಿಸಿ

ಕಳೆದ ಅಕ್ಟೋಬರಿನಲ್ಲಿ ಬಾದಾಮಿಯಲ್ಲಿ ಬಂಡೆ ಹತ್ತುತ್ತಿದ್ದಾಗ ಹಿಂಗಾರಿನ ಮಳೆ ನಮ್ಮನ್ನು ಹಿಡಿದುಹಾಕಿತು. ಇಪ್ಪತ್ತೇ ನಿಮಿಷದ ಮಳೆ. ಕೆಳಗಿಳಿಯುವಷ್ಟರಲ್ಲಿ, ಬೆಳಿಗ್ಗೆ 4 ಕಿಲೋ ಇದ್ದ 60 ಮೀಟರಿನ ಹಗ್ಗ ನೀರು ಕುಡಿದು ಹೆಗಲನ್ನು ಜಗ್ಗುತ್ತಿತ್ತು. ಹಿಂಡಿದರೆ ಕೆಂಪು ನೀರು, ಅದರ ತಳದಲ್ಲಿ ಸಣ್ಣ ಮರಳು. ಮರುದಿನ ಆಕಾಶ ತೊಳೆದಿಟ್ಟಂತಿತ್ತು. ನಮ್ಮ ತಂಡದ ಹುಡುಗನೊಬ್ಬ ಹಗ್ಗವನ್ನು ಕಾದ ಮಾಳಿಗೆಯ ಮೇಲೆ ಹರಡಲು ಹೊರಟ. ‘ಮಧ್ಯಾಹ್ನದೊಳಗೆ ಒಣಗಿ ಕಡಕ್ ಆಗುತ್ತದೆ’ ಎಂದ. ನಾನು ಅವನ ಕೈಯಿಂದ ಹಗ್ಗ ಕಸಿದುಕೊಂಡೆ. ಅಂದು ಅವಸರದಲ್ಲಿ ಹೇಳಲಾಗದ ಕಾರಣವನ್ನು ಇಲ್ಲಿ ಸಾವಧಾನವಾಗಿ ಹೇಳುತ್ತೇನೆ.

ಒದ್ದೆ ಹಗ್ಗ ಗಟ್ಟಿ ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಬೇರುಬಿಟ್ಟಿದೆ. ಅದು ಸುಳ್ಳಲ್ಲ, ಆದರೆ ಹತ್ತಿಯ ಕಾಲದ ಸತ್ಯ. ಹತ್ತಿಯ ಎಳೆ ನೆನೆದಾಗ ಬಲ ಹೆಚ್ಚಿಸಿಕೊಳ್ಳುತ್ತದೆ. ಹೊಸೆದ ನಾರಿನ ಹಗ್ಗ ನೆನೆದರೆ ಉಬ್ಬಿ, ಉದ್ದದಲ್ಲಿ ಕುಗ್ಗಿ, ಬಿಗಿಯಾಗುತ್ತದೆ. 1586ರಲ್ಲಿ ರೋಮ್ ನಗರದಲ್ಲಿ ಡೊಮೆನಿಕೊ ಫೊಂಟಾನಾ ಎಂಬ ವಾಸ್ತುಶಿಲ್ಪಿ ಈಜಿಪ್ಟಿನ ಬೃಹತ್ ಏಕಶಿಲಾ ಸ್ತಂಭವನ್ನು ನಿಲ್ಲಿಸುತ್ತಿದ್ದಾಗ, ಉಸಿರೆತ್ತಬಾರದೆಂಬ ಆಜ್ಞೆಯನ್ನೂ ಮೀರಿ ನಾವಿಕನೊಬ್ಬ ‘ಹಗ್ಗಗಳಿಗೆ ನೀರು ಹಾಕಿ’ ಎಂದು ಕೂಗಿ ಕೆಲಸ ಉಳಿಸಿದನೆಂಬ ದಂತಕಥೆ ಇದೆ. ಸ್ತಂಭ ನಿಂತದ್ದು ಇತಿಹಾಸ, ಕೂಗು ಕಥೆ. ಆದರೂ ಕಥೆಯೊಳಗಿನ ವಿಜ್ಞಾನ ಸರಿಯಾಗಿದೆ. ಇಳಕಲ್ ಸೀರೆ ಒಗೆಯುವವರಿಗೂ ಇದು ಕೈಯಿಂದಲೇ ಗೊತ್ತು. ಹತ್ತಿಯ ಒಡಲನ್ನು ಹೇಗೆ ಕುಕ್ಕಿದರೂ ನಡೆಯುತ್ತದೆ. ಚಮಕಾ, ಅಂದರೆ ರೇಯಾನ್ ಎಳೆಯ ಸೆರಗನ್ನು ಹಗುರವಾಗಿ ಹಿಡಿಯಬೇಕು. ನೆನೆದ ರೇಯಾನ್ ತನ್ನ ಬಲದ ಸುಮಾರು ಅರ್ಧವನ್ನೇ ಕಳೆದುಕೊಳ್ಳುತ್ತದೆ.

ನಮ್ಮ ಹಗ್ಗ ನೈಲಾನಿನದು, ಮತ್ತು ನೈಲಾನ್ ಹತ್ತಿಯ ಬಳಗಕ್ಕೆ ಸೇರಿದ್ದಲ್ಲ. 1935ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ವ್ಯಾಲೇಸ್ ಕ್ಯಾರೋಥರ್ಸ್ ಅವರ ತಂಡ ಇದನ್ನು ತಯಾರಿಸಿತು. ರೇಷ್ಮೆಗೆ ಬದಲಿಯಾಗಿ ಕಾಲುಚೀಲವಾದ ನೈಲಾನ್ ಎರಡನೇ ಮಹಾಯುದ್ಧ ಬಂದೊಡನೆ ಪ್ಯಾರಾಚೂಟ್ ಆಯಿತು, ಹಗ್ಗವಾಯಿತು. ರೇಷ್ಮೆಯ ಅಣುಸರಪಳಿಯಲ್ಲಿ ಕೊಂಡಿಗಳನ್ನು ಬೆಸೆಯುವ ಅಮೈಡ್ ಗಂಟೇ ನೈಲಾನಿನಲ್ಲಿಯೂ ಇದೆ. ನೀರಿಗೆ ಆ ಗಂಟೆಂದರೆ ಬಲು ಪ್ರೀತಿ.

ನನಗೆ ಅತ್ಯಂತ ಸೋಜಿಗವೆನಿಸುವುದು ಇದೇ. ಹಗ್ಗದ ನೀರು ಎಳೆಗಳ ಸಂದಿಯಲ್ಲಿ ಕುಳಿತಿದೆ, ಹಿಂಡಿದರೆ ಮುಗಿಯಿತು ಎಂದು ನಾವು ತಿಳಿಯುತ್ತೇವೆ. ಸಂದಿಯ ನೀರು ಭಾರ ಹೆಚ್ಚಿಸುವ ನೀರು, ಅಷ್ಟೆ. ಬಲವನ್ನು ಕಸಿಯುವ ನೀರು ಎಳೆಯ ಒಳಕ್ಕೇ, ಅಣುಗಳ ನಡುವೆ ಹೋಗಿರುತ್ತದೆ. ನೈಲಾನಿನ ಉದ್ದನೆಯ ಅಣುಗಳು ಅಕ್ಕಪಕ್ಕ ಮಲಗಿ ಜಲಜನಕ ಬಂಧಗಳಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಕಬಡ್ಡಿಯಲ್ಲಿ ಕೈಕೈ ಹಿಡಿದು ಸರಪಳಿ ಕಟ್ಟಿದ ಆಟಗಾರರನ್ನು ನೆನೆಯಿರಿ. ನೀರಿನ ಅಣು ಆ ಎರಡು ಕೈಗಳ ನಡುವೆ ತೂರಿ ತಾನೇ ಎರಡೂ ಕೈಗಳನ್ನು ಹಿಡಿಯುತ್ತದೆ. ಸರಪಳಿ ಕಡಿದಿಲ್ಲ, ಆದರೆ ಸಡಿಲವಾಗಿದೆ. ಇನ್ನೂ ಹತ್ತಿರದ ಉದಾಹರಣೆ ನಮ್ಮ ಅಡುಗೆಮನೆಯ ಬುಟ್ಟಿಯಲ್ಲೇ ಇದೆ. ಕಡಕ್ ರೊಟ್ಟಿಯನ್ನು ಮುರಿದರೆ ಚಟ್ ಎನ್ನುತ್ತದೆ. ಅದೇ ರೊಟ್ಟಿ ಮಳೆಗಾಲದ ಗಾಳಿಯಲ್ಲಿ ಒಂದು ರಾತ್ರಿ ತೆರೆದೇ ಉಳಿದರೆ ಮುರಿಯದೆ ಬಾಗುತ್ತದೆ. ಜೋಳದ ಪಿಷ್ಟದ ಅಣುಗಳ ನಡುವೆ ನೀರು ಸೇರಿ ಅವುಗಳಿಗೆ ಜಾರಲು ಎಡೆ ಮಾಡಿಕೊಟ್ಟಿರುತ್ತದೆ. ಒಣ ನೈಲಾನ್ ಸುಮಾರು 50 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹೀಗೆ ಮೆತ್ತಗಾಗುತ್ತದೆ. ಹೊಟ್ಟೆತುಂಬ ನೀರು ಕುಡಿದ ನೈಲಾನಿನಲ್ಲಿ ಆ ಮಟ್ಟ ಶೂನ್ಯಕ್ಕಿಂತ ಕೆಳಗೆ ಇಳಿದಿರುತ್ತದೆ. ಹಗ್ಗಗಳಲ್ಲಿ ಬಳಸುವ ನೈಲಾನ್ 6 ತನ್ನ ತೂಕದ ಸುಮಾರು ಶೇ. 9ರಷ್ಟು ನೀರನ್ನು ಹೀಗೆ ಅಣುಗಳ ನಡುವೆಯೇ ಇರಿಸಿಕೊಳ್ಳಬಲ್ಲದು. ಪಾಲಿಯೆಸ್ಟರ್ ಅದರ ಹತ್ತನೇ ಒಂದು ಭಾಗವನ್ನೂ ಹೀರುವುದಿಲ್ಲ. ಇದರ ಪರಿಣಾಮ ಸಣ್ಣದಲ್ಲ. ಇಟಲಿಯ ಪರ್ವತಾರೋಹಿಗಳ ಸಂಘವಾದ ಆಲ್ಪೈನ್ ಕ್ಲಬ್ ನಡೆಸಿದ ಪರೀಕ್ಷೆಗಳಲ್ಲಿ, ಭಾರ ಬೀಳಿಸಿದಾಗ ಹಗ್ಗ ಎಷ್ಟು ಬಾರಿ ತಡೆಯುತ್ತದೆ ಎಂಬ ಎಣಿಕೆ ಒದ್ದೆಯಾದಾಗ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯಿತು.

ಒಣಗಿಸಿದಾಗ ಆ ಬಲದ ಬಹುಪಾಲು ಮರಳಿ ಬಂತು. ನೀರು ಎದ್ದು ಹೋದೊಡನೆ ಕೈಗಳು ಮತ್ತೆ ಕೂಡುತ್ತವೆ. ಬಿಸಿಲು ಮಾಡುವ ಕೆಲಸ ಹಾಗಲ್ಲ. ಅದರ ಅತಿನೇರಳೆ ಕಿರಣ ಹಿಡಿದ ಕೈಯನ್ನು ಬಿಡಿಸುವುದಿಲ್ಲ, ತೋಳನ್ನೇ ಕತ್ತರಿಸುತ್ತದೆ. ತುಂಡಾದ ಅಣುಸರಪಳಿ ಯಾವ ನೆರಳಿನಲ್ಲಿಟ್ಟರೂ ಮತ್ತೆ ಬೆಸೆಯದು. ಒಂದು ಮಧ್ಯಾಹ್ನಕ್ಕೆ ಹಗ್ಗ ಸಾಯುವುದಿಲ್ಲ, ನಿಜ. ಆದರೆ ಪ್ರತಿ ಮಳೆಗೂ ಒಂದೊಂದು ಮಧ್ಯಾಹ್ನ ಎಂದು ಲೆಕ್ಕ ಹಾಕಿದರೆ, ತಾನಾಗಿ ಹೋಗುವ ನೀರನ್ನು ಓಡಿಸಲು ಎಂದೂ ಮರಳದ ಬಲವನ್ನು ತೆತ್ತಂತಾಗುತ್ತದೆ.

ಹಾಗಾದರೆ ಒಣಗಿಸುವುದು ಹೇಗೆ? ವಿಜಯಪುರ ಜಿಲ್ಲೆಯ ತಿಕೋಟಾದ ಕಡೆಯ, ದ್ರಾಕ್ಷಿ ಒಣಗಿಸುವ ಶೆಡ್ಡಿನೊಳಗೆ ಒಮ್ಮೆ ನಿಂತು ಬನ್ನಿ. ಮಾರ್ಚ್‌ನ ಉರಿಬಿಸಿಲು ಹೊರಗೆ ಪುಕ್ಕಟೆಯಾಗಿ ಸಿಗುತ್ತಿದ್ದರೂ ರೈತರು ಹಣ್ಣನ್ನು ನೆರಳಿನಲ್ಲಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ತೆಳುವಾಗಿ ಹರಡುತ್ತಾರೆ. ಬಿಸಿಲಿಗೆ ಬಿದ್ದ ದ್ರಾಕ್ಷಿ ಕಂದುತ್ತದೆ, ದರ ಬೀಳುತ್ತದೆ. ಒಣಗಿಸುವುದು ಶಾಖವಲ್ಲ, ಒಣ ಗಾಳಿಯ ಓಡಾಟ ಎಂಬುದನ್ನು ವಿಜಯಪುರದ ರೈತರು ದುಡ್ಡು ತೆತ್ತು ಕಲಿತಿದ್ದಾರೆ. ತೆಳುವಾಗಿ ಹರಡುವುದರ ಹಿಂದೆ ಒಂದು ಲೆಕ್ಕವಿದೆ. ಒಳಗಿನ ನೀರು ತೆವಳುತ್ತಾ ಹೊರಗೆ ಬರಬೇಕು. ಪದರದ ದಪ್ಪ ಎರಡು ಪಟ್ಟಾದರೆ ಅದಕ್ಕೆ ಬೇಕಾಗುವ ಕಾಲ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಸುತ್ತಿಟ್ಟ ಹಗ್ಗದ ಸಿಂಬಿ ಹೊರಗೆ ಒಣಗಿ, ಒಳಗೆ ಮೂರು ದಿನವಾದರೂ ತಣ್ಣಗಿರುವುದು ಇದಕ್ಕೇ.

ನಾವು ಅಂದು ಮಾಡಿದ್ದು ಹೀಗೆ. ಮೊದಲು ಹಗ್ಗವನ್ನು ತಣ್ಣೀರಿನಲ್ಲಿ ಮೂರು ಸಲ ಜಾಲಿಸಿದೆವು. ಬಾದಾಮಿಯ ಮರಳೆಂದರೆ ಸ್ಫಟಿಕ ಶಿಲೆಯ ಚೂರು, ಒಳಗೆ ಉಳಿದರೆ ಎಳೆಗಳನ್ನು ಕೊಯ್ಯುತ್ತದೆ. ಆಮೇಲೆ ಪಡಸಾಲೆಯ ಕಂಬದಿಂದ ಕಂಬಕ್ಕೆ ಸಡಿಲವಾಗಿ ಇಳಿಬಿಟ್ಟು, ಎದುರಿಗೆ ಫ್ಯಾನ್ ಇಟ್ಟೆವು. ಮಂಗಗಳು ಬಾರದಂತೆ ಒಬ್ಬರು ಕೋಲು ಹಿಡಿದು ಕುಳಿತಿರಬೇಕಾಯಿತು. ಎರಡನೆಯ ದಿನ ಸಂಜೆ ಹಗ್ಗವನ್ನು ಬೆರಳುಗಳ ನಡುವೆ ಹಿಡಿದು ಇಂಚಿಂಚಾಗಿ ಎಳೆದೆ. ಹೊದಿಕೆ ಬೆಚ್ಚಗಿದ್ದರೂ ತಿರುಳಿನಲ್ಲಿ ಇನ್ನೂ ತಂಪು. ಮತ್ತೊಂದು ದಿನ ಬಿಟ್ಟೆವು.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾನು ಒದ್ದೆ ಹಗ್ಗವನ್ನು ಮನೆಯ ಇನ್ವರ್ಟರ್ ಇರುವ ಕೋಣೆಯಲ್ಲಿ, ಅಲ್ಲಿ ಬೆಚ್ಚಗಿದೆ ಎಂಬ ಕಾರಣಕ್ಕೆ, ತೂಗುಹಾಕಿದ್ದೆ. ಅದರ ತುದಿ ಬ್ಯಾಟರಿಯ ಮೇಲೆ ಬಿದ್ದಿದ್ದು ಬೆಳಿಗ್ಗೆ ಕಂಡಿತು. ಬ್ಯಾಟರಿಯ ಗಂಧಕಾಮ್ಲ ನೈಲಾನಿನ ಅಮೈಡ್ ಗಂಟನ್ನೇ ಬಿಚ್ಚುತ್ತದೆ. ಬಣ್ಣ ಮಾಸದೆ, ಎಳೆ ಏಳದೆ, ಹಗ್ಗ ನೋಡಲು ಹೊಸದರಂತೆಯೇ ಉಳಿಯಬಹುದು. ನಾನು ಆ ಹಗ್ಗವನ್ನು ತುಂಡು ತುಂಡಾಗಿ ಕತ್ತರಿಸಿ ಎಸೆದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ದೇವಾಲಯಗಳಿಗೆ ನುಗ್ಗಿದಂತಹ ಪ್ರವಾಹದಲ್ಲಿ ಮುಳುಗಿದ ಹಗ್ಗಕ್ಕೂ ಇದೇ ಗತಿ ಸಲ್ಲಬೇಕು. ಆ ನೀರಿನಲ್ಲಿ ಏನೇನು ಬೆರೆತಿತ್ತೆಂದು ಹಗ್ಗ ಹೇಳುವುದಿಲ್ಲ.

ಉಳಿದ ಸಾಮಾನು ಸುಲಭ. ಹಗ್ಗ ಸಿಕ್ಕಿಸುವ ಕೊಂಡಿ, ಅಂದರೆ ಕ್ಯಾರಬೀನರ್‌ನ ಅಲ್ಯುಮಿನಿಯಂ ಮೈಗೆ ತುಕ್ಕಿನ ಭಯವಿಲ್ಲ, ಒಳಗಿನ ಉಕ್ಕಿನ ಸ್ಪ್ರಿಂಗಿಗೆ ಇದೆ. ಒರೆಸಿ, ಒಣಗಿಸಿ, ಒಂದು ಹನಿ ಸಿಲಿಕೋನ್ ಎಣ್ಣೆ ಬಿಟ್ಟರೆ ಸಾಕು. ಬೂಟಿಗೆ ಹಳೆಯ ಪತ್ರಿಕೆ ತುರುಕಿ ಎರಡು ಸಲ ಬದಲಿಸಿ, ಒಲೆಯ ಹತ್ತಿರ ಇಡಬೇಡಿ, ಅಂಟು ಬಿಡುತ್ತದೆ. ಸೊಂಟಕ್ಕೆ ಕಟ್ಟುವ ಪಟ್ಟಿಗೆ, ಅಂದರೆ ಹಾರ್ನೆಸ್ಸಿಗೆ, ಹಗ್ಗದ ನಿಯಮವೇ.

ಮೂರನೆಯ ದಿನ ಹಗ್ಗ ತಯಾರಾಗಿತ್ತು, ಹುಡುಗರೂ ತಯಾರಾಗಿದ್ದರು. ಆದರೆ ಮರಳುಗಲ್ಲೂ ನೀರು ಕುಡಿಯುತ್ತದೆ, ಕುಡಿದಾಗ ದುರ್ಬಲವಾಗುತ್ತದೆ. ಕೈ ಹಿಡಿದ ಅಂಚೇ ಕಳಚಿ ಬರಬಹುದು. ಬಂಡೆಯ ಬುಡದಲ್ಲಿ ಕುಳಿತು ನಾಲ್ಕು ಬೆರಳಿನಷ್ಟು ಮಣ್ಣು ಕೆದಕಿದೆ. ಮೇಲೆ ಪುಡಿಪುಡಿ, ಕೆಳಗೆ ಮುದ್ದೆ ಕಟ್ಟುವಷ್ಟು ತೇವ. ಅಂದರೆ ಬಂಡೆಯೂ ಒಳಗೆ ಇನ್ನೂ ಒಣಗಿರಲಿಕ್ಕಿಲ್ಲ. ಹಗ್ಗವನ್ನು ಮತ್ತೆ ಚೀಲದೊಳಗೆ ಇಟ್ಟು, ಅಗಸ್ತ್ಯ ತೀರ್ಥದ ದಂಡೆಯ ಮೇಲೆ ಬುತ್ತಿ ಬಿಚ್ಚಿದೆವು.